ಕರಡಪ್ಪನ ನಾಲ್ಕನೇ ಸಾಲು

ಪತ್ರಿಕೆಯಲ್ಲಿ ಒಂದಕ್ಷರ ತಪ್ಪಿದರೆ ಮರುದಿನ ಇಪ್ಪತ್ತು ಕಾಗದ ಬರುತ್ತವೆ. ಇಡೀ ಪತ್ರಿಕೆ ಒಂದೂ ತಪ್ಪಿಲ್ಲದೆ ಹೊರಬಂದರೆ ಒಂದು ನರಪಿಳ್ಳೆಯೂ ಉಸಿರೆತ್ತುವುದಿಲ್ಲ. ಇಂಥ ಕೃತಜ್ಞತೆಯಿಲ್ಲದ ಕೆಲಸವನ್ನು ಇಪ್ಪತ್ತೆಂಟು ವರ್ಷ ತುಟಿ ಪಿಟಕ್ಕೆನ್ನದೆ ಮಾಡಿಕೊಂಡು ಬಂದವನಿಗೆ ಆಫೀಸಿನವರು ಕರಡಪ್ಪ ಎಂದು ಹೆಸರಿಟ್ಟಿದ್ದರು. ಕರಡು ಪ್ರತಿ ತಿದ್ದುವವನು, ಆದ್ದರಿಂದ ಕರಡಪ್ಪ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಅವನಿಗೆ ನೆನಪಾಗುತ್ತಿತ್ತು.

ಅದೊಂದು ಸಂಜೆ ಪತ್ರಿಕೆ. ಎಂಟು ಪುಟ. ಮೊದಲ ಪುಟದಲ್ಲಿ ಬೆಳಗಿನ ಪತ್ರಿಕೆಗಳು ಬಿಟ್ಟ ಜಗಳ, ಕೊನೆಯ ಪುಟದಲ್ಲಿ ಆಟ, ನಡುವೆ ಜಾಹೀರಾತು. ನಾಲ್ಕನೇ ಪುಟದ ಕೆಳಮೂಲೆಯಲ್ಲಿ ಅಂಗೈಯಗಲದ ಒಂದು ಚೌಕ ಕರಡಪ್ಪನದು. ಹತ್ತೊಂಬತ್ತು ವರ್ಷದ ಹಿಂದೆ ಒಂದು ದಿನ ಬರಬೇಕಿದ್ದ ಜಾಹೀರಾತು ಬಾರದೆ ಆ ಮೂಲೆ ಬೋಳಾಗಿ ಉಳಿದಿತ್ತು. ಸಂಪಾದಕರು ಕಂಡಕಂಡವರ ಮೇಲೆಲ್ಲ ಹಾರಾಡುತ್ತಿದ್ದರು. ಕರಡಪ್ಪ ಸುದ್ದಿಸಂಸ್ಥೆಯ ತಂತಿಯಲ್ಲಿ ಬಂದು ಕಸದ ಬುಟ್ಟಿಗೆ ಬಿದ್ದಿದ್ದ ಒಂದು ವಿಜ್ಞಾನದ ಸುದ್ದಿಯನ್ನು ಎತ್ತಿಕೊಂಡು ಎರಡು ವಾಕ್ಯಕ್ಕೆ ಇಳಿಸಿದ, ಅದರ ಕೆಳಗೆ ತಾನೇ ಒಂದು ಚೌಪದಿ ಹೊಸೆದು ಕೊಟ್ಟ. ತಲೆ ಹೋದ ಮೇಲೂ ಜಿರಲೆ ಒಂದು ವಾರ ಬದುಕಬಲ್ಲದು ಎಂಬುದು ಸುದ್ದಿ. ತಲೆಯಿಲ್ಲದೆ ಒಂದು ವಾರವೇನು ಮಹಾ, ನಮ್ಮಲ್ಲಿ ಮೂವತ್ತು ವರ್ಷ ನೌಕರಿ ಮಾಡಿ ಬಡ್ತಿ ಪಡೆದವರಿದ್ದಾರೆ ಎಂಬುದು ಪದ್ಯ. ಸಂಪಾದಕರಿಗೆ ಅದು ತಮ್ಮ ಬಗ್ಗೆ ಎಂದು ಹೊಳೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ದಿನಾ ಒಂದು ಬರಿ ಎಂದರು. ಹೆಸರು ಹಾಕುವ ಮಾತು ಯಾರೂ ಎತ್ತಲಿಲ್ಲ, ಅವನೂ ಕೇಳಲಿಲ್ಲ.

ಅಂದೇ ಅವನು ಪುಟ ಕಟ್ಟುವವನಿಗೆ ಒಂದು ಮಾತು ಹೇಳಿಟ್ಟ. ಈ ಪುಟ ಕಟ್ಟುವವನು ಆಫೀಸಿನಲ್ಲಿ ಕತ್ತರಿ ಎಂದೇ ಪ್ರಸಿದ್ಧ. ಯಾರ ಬರಹವಾದರೂ ಸರಿ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿ ಒಗೆಯುವುದು ಅವನ ಧರ್ಮ. ಮಂತ್ರಿಯ ಭಾಷಣವನ್ನೂ ಹಾಗೇ ಕತ್ತರಿಸಿದ್ದಾನೆ, ಸತ್ತವರ ಸಂತಾಪವನ್ನೂ. ಅವನ ಕೈಗೆ ಸಿಕ್ಕ ಪದ್ಯ ಅರ್ಧಕ್ಕೆ ನಿಂತು ನಗೆಪಾಟಲಾಗುವುದು ಬೇಡವೆಂದು ಕರಡಪ್ಪನೇ ಹೇಳಿದ್ದು: “ಜಾಗ ಸಾಲದಿದ್ರೆ ಕೊನೇ ಸಾಲು ತೆಗೆದುಬಿಡು ಮಾರಾಯ. ಅರ್ಥ ಕೆಡದ ಹಾಗೆ ಬರೆದಿರ್ತೀನಿ.” ಹಾಗೆ ಬರೆಯುವುದು ಅವನಿಗೆ ರೂಢಿಯೂ ಆಯಿತು. ಮೊದಲ ಮೂರು ಸಾಲಿನಲ್ಲಿ ಪದ್ಯ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನಾಲ್ಕನೆಯದು ಇದ್ದರೆ ಚೆನ್ನ, ಇಲ್ಲದಿದ್ದರೆ ನಷ್ಟವಿಲ್ಲ. ತಾನೊಂದು ಜಾಣತನ ಕಂಡುಹಿಡಿದೆ ಎಂದು ಬಹಳ ದಿನ ಬೀಗಿದ, ಪಾಪ.

ಪದ್ಯದ ಹುಚ್ಚು ಅವನಿಗೆ ಹತ್ತಿದ್ದು ಅಕ್ಕನಿಂದ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಹೋದಾಗ ಇವನಿಗೆ ಆರು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಇವನನ್ನು ಕಾಲಬುಡದಲ್ಲಿ ಕೂರಿಸಿಕೊಂಡು, ಯಂತ್ರ ತುಳಿಯುವ ಲಯಕ್ಕೆ ಸರಿಯಾಗಿ ಸಾಲು ಕಟ್ಟುತ್ತಿದ್ದಳು. ಅವಳು ಎರಡು ಸಾಲು ಹೇಳಿದರೆ ಇವನು ಪ್ರಾಸ ಕೂಡಿಸಿ ಮೂರನೆಯದು ಹೇಳಬೇಕು. ಹೇಳದಿದ್ದರೆ ದಾರದುಂಡೆ ಎತ್ತಿಕೊಡುವ ಶಿಕ್ಷೆ. ಇರುವೆ, ಬೆಕ್ಕು, ಸೋರುವ ನಲ್ಲಿ, ಕಾಲರಿನ ಅಳತೆ ಕೊಟ್ಟು ಹೊಟ್ಟೆಯ ಅಳತೆ ಮರೆತ ಗಿರಾಕಿ, ಎಲ್ಲವೂ ಅವಳಿಗೆ ಪದ್ಯವಾಗುತ್ತಿತ್ತು. ಒಂದನ್ನೂ ಬರೆದಿಡಲಿಲ್ಲ. ಅವಳು ಬರೆದಿಟ್ಟಿದ್ದರೆ ಇವನ ಚೌಕದಲ್ಲಿ ಯಾರೂ ಮೂಗನ್ನೂ ಒರೆಸಿಕೊಳ್ಳುತ್ತಿರಲಿಲ್ಲ ಎಂದು ಇವನೇ ಹೇಳುತ್ತಿದ್ದ, ಮತ್ತು ಆ ಮಾತಿನಲ್ಲಿ ವಿನಯ ಎಷ್ಟಿತ್ತೋ ಹೊಟ್ಟೆಕಿಚ್ಚೂ ಅಷ್ಟೇ ಇತ್ತು.

ಅಕ್ಕ ಮದುವೆಯಾಗಿ ಹೋದದ್ದು ಬಸ್ಸಿನಲ್ಲಿ ಮೂರು ಗಂಟೆ ದೂರದ ಊರಿಗೆ. ಭಾವ ಕೈಗಡಿಯಾರ ರಿಪೇರಿ ಮಾಡುವವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಪತ್ರಿಕೆ ಓದುತ್ತಿದ್ದ ಮನುಷ್ಯ. ಭಾಮೈದನ ಚೌಕ ಬಂದರೆ ಚಿಮುಟದಲ್ಲಿ ಹಿಡಿದು ಕತ್ತರಿಸಿ, ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿ, “ನಮ್ಮ ಹುಡುಗ ಬರೆದಿದ್ದು” ಎನ್ನುತ್ತಿದ್ದರು. ಹುಡುಗನಿಗೆ ಆಗಲೇ ನಲವತ್ತು ದಾಟಿತ್ತು.

ಆ ಭಾವ ಹನ್ನೊಂದು ವರ್ಷದ ಹಿಂದೆ ಹಾಸಿಗೆ ಹಿಡಿದರು. ಅವರನ್ನು ಇವನಿದ್ದ ಊರಿನ ಆಸ್ಪತ್ರೆಗೇ ತಂದಿದ್ದರು. ಅಕ್ಕ ಹತ್ತು ದಿನ ಒಬ್ಬಳೇ ಕುರ್ಚಿಯಲ್ಲಿ ಕೂತು ಕಾದಳು. ಹನ್ನೊಂದನೇ ಬೆಳಗ್ಗೆ ಆಫೀಸಿಗೆ ಫೋನು ಮಾಡಿ, “ಇವತ್ತೊಂದು ದಿನ ಬಾರೋ, ಇವರು ನಿನ್ನ ಕೇಳ್ತಾ ಇದಾರೆ,” ಎಂದಳು. ಬರ್ತೀನಿ ಅಕ್ಕ, ಒಂದರ್ಧ ಗಂಟೆ, ಎಂದ.

ಅವತ್ತೇ ಒಂದು ನೌಕೆ ದೂರದ ಗ್ರಹವೊಂದರ ಚಂದ್ರನ ಮೇಲೆ ಇಳಿಯುವುದಿತ್ತು. ಏಳು ವರ್ಷ ಹಾರಿ ಹೋದ ನೌಕೆ. ಅಲ್ಲಿಂದ ಮೊದಲ ಚಿತ್ರ ಬರಬೇಕಿತ್ತು. ಕರಡಪ್ಪ ತಂತಿಯ ಯಂತ್ರದ ಮುಂದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತ. ಅರ್ಧ ಗಂಟೆ ಒಂದಾಯಿತು, ಒಂದು ಗಂಟೆ ಮೂರಾಯಿತು. ಚಿತ್ರ ಬಂತು. ಉರುಟು ಕಲ್ಲುಗಳು! ಆ ಯಾರೂ ಕಾಣದ ನೆಲದಲ್ಲಿ, ಹೊಳೆದಂಡೆಯಲ್ಲಿ ಬಿದ್ದಿರುವಂಥ ಬಡಪಾಯಿ ಉರುಟು ಕಲ್ಲುಗಳು. ಅವನಿಗೆ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು, ನಿಂತ ನಿಲುವಿನಲ್ಲೇ ಚೌಪದಿ ಬರೆದ. ಅಚ್ಚಾದ ಹಾಳೆಯ ಶಾಯಿ ಆರುವ ಮುನ್ನ ಅದನ್ನು ಹಿಡಿದುಕೊಂಡು ಆಸ್ಪತ್ರೆಗೆ ಓಡಿದ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅಕ್ಕ ಕೂತಿದ್ದಳು. ಮಡಿಲಲ್ಲಿ ಒಂದು ಚೀಲ, ಅದರಲ್ಲಿ ಭಾವನ ಚಪ್ಪಲಿ. ಈ ಮಹಾನುಭಾವ ಅವಳ ಮುಖ ನೋಡಲಿಲ್ಲ, ಚೀಲ ನೋಡಲಿಲ್ಲ. “ಅಕ್ಕಾ, ಕೇಳಿಲ್ಲಿ,” ಎಂದು ಪದ್ಯ ಓದಲು ಶುರುಮಾಡಿದ. ನಾಲ್ಕೂ ಸಾಲು ಓದಿದ. ಮುಗಿಸಿ, ಹೇಗಿದೆ ಎಂದು ತಲೆ ಎತ್ತಿದ.

“ಹೋಗಿ ಎರಡು ಗಂಟೆ ಆಯ್ತು,” ಎಂದಳು ಅಕ್ಕ. ಮುಂದೆ ಹನ್ನೊಂದು ವರ್ಷ ಅವನ ಜೊತೆ ಅವಳು ಮಾತಾಡಲಿಲ್ಲ.

ಅವನು ಬರೆದ ಎರಡು ಕಾಗದ ಒಡೆಯದೆಯೇ ವಾಪಸು ಬಂದವು. ಒಮ್ಮೆ ಬಸ್ಸು ಹತ್ತಿ ಹೋಗಿ ಬಾಗಿಲು ಬಡಿದ. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ತಲೆ ಹಾಕಿ, “ಅವರು ಮನೇಲಿಲ್ಲ ಅಂತ ಹೇಳೋಕೆ ಹೇಳಿದಾರೆ,” ಎಂದಳು. ಒಳಗೆ ಹೊಲಿಗೆ ಯಂತ್ರ ಓಡುತ್ತಿರುವುದು ಇಬ್ಬರಿಗೂ ಕೇಳಿಸುತ್ತಿತ್ತು. ಅಲ್ಲಿಗೆ ಅವನು ಹೋಗುವುದು ಬಿಟ್ಟ. ಒಂದು ಸಂಗತಿ ಮಾತ್ರ ಅವನಿಗೆ ಗೊತ್ತಿತ್ತು. ಪತ್ರಿಕೆ ರವಾನಿಸುವ ಗುಮಾಸ್ತ ಹೇಳಿದ್ದ, “ನಿಮ್ಮ ಭಾವ ಹಾಕಿಸ್ಕೊಂಡಿದ್ದ ಪ್ರತಿ ಇನ್ನೂ ಹೋಗ್ತಿದೆ ಸಾರ್, ನಿಲ್ಲಿಸಿಲ್ಲ.”

ಅಷ್ಟು ಸಾಕಾಯಿತು. ಅವಳು ಓದುತ್ತಾಳೆ. ಬಾಗಿಲು ಮುಚ್ಚಿದೆ, ಕಾಗದ ವಾಪಸಾಗುತ್ತದೆ, ಆದರೆ ದಿನಾ ಅಂಗೈಯಗಲದ ಚೌಕವೊಂದು ಅವಳ ಮನೆಯೊಳಗೆ ಹೋಗುತ್ತದೆ. ಅಂದಿನಿಂದ ಕರಡಪ್ಪ ನಾಲ್ಕನೇ ಸಾಲನ್ನು ಅಕ್ಕನಿಗಾಗಿ ಬರೆಯತೊಡಗಿದ. ಮೂರು ಸಾಲು ಊರಿಗೆ, ಒಂದು ಸಾಲು ಅವಳಿಗೆ. ಆಕ್ಟೋಪಸ್‌ಗೆ ಮೂರು ಹೃದಯಗಳಿವೆ, ಈಜುವಾಗ ಒಂದು ನಿಂತುಬಿಡುತ್ತದೆ ಎಂಬ ಸುದ್ದಿ ಬಂದ ದಿನ ಬರೆದದ್ದು ಇದು:

ಎಂಟು ತೋಳಿನ ಪ್ರಾಣಿಗೆ ಎದೆಯೊಳಗೆ ಗುಂಡಿಗೆ ಮೂರು,
ಈಜಲು ಹೊರಟರೆ ಒಂದಕ್ಕೆ ರಜೆ, ಉಳಿದೆರಡರದೇ ಜೋರು;
ನಮಗಿರುವುದೊಂದೇ, ಅದಕ್ಕೂ ರಜೆಯ ಅರ್ಜಿ ನೂರು.
ರಜೆ ಹಾಕಿದ ದಿನ ನೆನೆದು ಕುಳಿತಿದೆ, ಕ್ಷಮಿಸುವವರು ಯಾರು?

ಚಂದ್ರ ನಮ್ಮಿಂದ ವರ್ಷವರ್ಷವೂ ಸ್ವಲ್ಪ ಸ್ವಲ್ಪ ದೂರವಾಗುತ್ತಿದ್ದಾನೆ ಎಂದು ತಂತಿಯಲ್ಲಿ ಬಂದಾಗ:

ಉಗುರು ಬೆಳೆವಷ್ಟೇ ನಿಧಾನ ಚಂದ್ರ ದೂರ ಸರಿವನಂತೆ,
ವರುಷಕ್ಕೆ ಎರಡು ಬೆರಳಗಲ, ಯಾರ ಕಣ್ಣಿಗೂ ಬೀಳದಂತೆ;
ನೆಂಟರು ಹೀಗೆ ಹೊರಟುನಿಂತರೆ ಮನೆಯವರ ಗತಿ ಏನಂತೆ?
ಒಂದೇ ದಿನದಲಿ ದೂರಾದವನಿಗೆ ಹಿಂದಿರುಗುವುದೇ ಚಿಂತೆ.

ಊರಿನವರು ಇದನ್ನು ಓದಿ ಏನೆಂದುಕೊಂಡರು? ಯಾವುದೋ ಹಳೆಯ ಪ್ರೇಮ ಎಂದುಕೊಂಡರು. ಕಾಲೇಜು ಹುಡುಗಿಯರು ಸಮಾಧಾನದ ಕಾಗದ ಬರೆದರು. ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರು, ಹೋದವಳು ಹೋದಳು, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಮೂರು ಪುಟ ಬರೆದು ತಮ್ಮದೂ ಒಂದು ಕಥೆ ಸೇರಿಸಿದ್ದರು. “ಯಾರಯ್ಯಾ ಅವಳು, ಕೈಕೊಟ್ಟವಳು?” ಎಂದು ಸಂಪಾದಕರು ಕಣ್ಣು ಮಿಟುಕಿಸಿದರು. ಕರಡಪ್ಪ ಎಲ್ಲರಿಗೂ ಒಂದೇ ನಗೆ ನಕ್ಕ. ಗೊತ್ತಾಗಬೇಕಾದವಳಿಗೆ ಗೊತ್ತಾಗುತ್ತದಲ್ಲ.

ಹನ್ನೊಂದು ವರ್ಷ ಒಂದು ಉತ್ತರವಿಲ್ಲ. ಮೊದಲೆರಡು ವರ್ಷ ಆಸೆಯಿಂದ ಕಾದ, ಆಮೇಲೆ ಅಭ್ಯಾಸದಿಂದ ಕಾದ. ಕಡೆಕಡೆಗೆ ಅವನಿಗೆ ಸಿಟ್ಟೂ ಬರುತ್ತಿತ್ತು. ಕಾಗೆ ಒಮ್ಮೆ ನೋಡಿದ ಶತ್ರುವಿನ ಮುಖವನ್ನು ವರ್ಷಗಟ್ಟಲೆ ಮರೆಯುವುದಿಲ್ಲ ಎಂಬ ಸುದ್ದಿ ಬಂದ ದಿನ ನಾಲ್ಕನೇ ಸಾಲಿನಲ್ಲಿ ಅಕ್ಕನಿಗೆ ಚೆನ್ನಾಗಿ ಕುಟುಕಿದ. ಸಂಜೆಯ ಹೊತ್ತಿಗೆ ನಾಚಿಕೆಯಾಗಿ, ಮರುದಿನದ ನಾಲ್ಕನೇ ಸಾಲಿನಲ್ಲಿ ಆ ಸಾಲಿಗೂ ಸೇರಿಸಿ ಕ್ಷಮೆ ಕೇಳಿದ. ಎದುರಿಗೆ ಯಾರೂ ಇಲ್ಲದೆ ಜಗಳವಾಡಿ, ಎದುರಿಗೆ ಯಾರೂ ಇಲ್ಲದೆ ರಾಜಿಯಾಗುವವರನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಹೀಗಿರುವಾಗ ಒಂದು ಸೋಮವಾರ ಮಧ್ಯಾಹ್ನ ಅಕ್ಕನ ಊರಿನಿಂದ ಔಷಧಿ ಅಂಗಡಿಯವನೊಬ್ಬ ಬಂದ. ಅಂಗಡಿ ಎದುರು ಸಾಲಿಗೆ ಬದಲಾಗಿದೆ ಎಂದು ಸಣ್ಣ ಜಾಹೀರಾತು ಕೊಡುವುದಿತ್ತು. ಅದರ ಕರಡು ಓದಿ ಒಪ್ಪಿಗೆ ಪಡೆಯಲು ಕರಡಪ್ಪನ ಮೇಜಿಗೆ ಕಳಿಸಿದರು.

“ಆ ವಿಜ್ಞಾನದ ಪದ್ಯ ಬರೆಯೋರು ನೀವೇನಾ?” ಎಂದು ಅವನು ಕುರ್ಚಿ ಎಳೆದುಕೊಂಡ. “ನಮ್ಮ ಬೀದೀಲಿ ಬಟ್ಟೆ ಅಳತೆ ಸರಿಮಾಡೋ ಒಬ್ಬರು ಅಮ್ಮ ಇದಾರೆ. ನಿಮ್ಮ ಪದ್ಯ ಅಂದ್ರೆ ಪ್ರಾಣ ಅವರಿಗೆ. ಕತ್ತರಿಸಿ ಗೋಡೆಗೆಲ್ಲ ಚುಚ್ಚಿದಾರೆ. ಗಿರಾಕಿಗಳು ಪ್ಯಾಂಟ್ ತಗೊಂಡು ಹೋಗೋಕೆ ಮುಂಚೆ ಒಂದು ಓದಿಯೇ ಹೋಗಬೇಕು.”

ಕರಡಪ್ಪನ ಕೈಯಲ್ಲಿದ್ದ ಕೆಂಪು ಪೆನ್ಸಿಲು ಜಾರಿ, ಮೇಜಿನಿಂದ ಉರುಳಿ ಕೆಳಗೆ ಬಿತ್ತು. ಗೋಡೆಗೆ ಚುಚ್ಚಿದ್ದಾಳೆ! ಅವಳಿಗೆ ತಲುಪಿದೆ!

“ಈಗಿನ ಕಾಲದಲ್ಲಿ ತ್ರಿಪದಿ ಯಾರು ಬರೀತಾರೆ ಹೇಳಿ,” ಎಂದು ಅಂಗಡಿಯವನು ಮುಂದುವರಿಸಿದ.

“ತ್ರಿಪದಿ ಅಲ್ಲ. ಚೌಪದಿ. ನಾಲ್ಕು ಸಾಲು.”

“ಏನು ಸಾರ್, ಬರೆದೋರು ನೀವೇ ಮರೆತ್ರಾ? ಮೂರೇ ಸಾಲು.” ಅವನು ಚೀಲದಿಂದ ಮೊನ್ನೆಯ ಪತ್ರಿಕೆ ತೆಗೆದು ನಾಲ್ಕನೇ ಪುಟ ಬಿಡಿಸಿದ. ಚೌಕ ಇತ್ತು. ಸುದ್ದಿ ಇತ್ತು. ಮೂರು ಸಾಲಿತ್ತು. ನಾಲ್ಕನೇ ಸಾಲು ಇರಬೇಕಾದ ಕಡೆ ಒಂದು ಗೆರೆ, ಗೆರೆಯ ಕೆಳಗೆ ಸಣ್ಣಕ್ಷರದಲ್ಲಿ ಪುಟದುದ್ದಕ್ಕೂ ಬಸ್ಸುಗಳ ವೇಳಾಪಟ್ಟಿ.

ಕರಡಪ್ಪ ಎದ್ದು, ಪತ್ರಿಕೆ ಹಿಡಿದುಕೊಂಡೇ ಕತ್ತರಿಯ ಮೇಜಿಗೆ ನಡೆದ.

“ಇದೇನಿದು?”

“ಹೊರಊರಿನ ಪ್ರತಿ,” ಎಂದ ಕತ್ತರಿ, ತಲೆ ಎತ್ತದೆ. “ಹನ್ನೊಂದು ಗಂಟೆಗೆ ಮೊದಲು ಅಚ್ಚಾಗಿ ಬಸ್ಸಿಗೆ ಹೋಗೋದು. ಅದಕ್ಕೆ ಬಸ್ ಟೈಮ್ ಹಾಕ್ತೀವಲ್ಲ.”

“ಯಾವಾಗಿಂದ?”

“ಹೊಸ ಬಸ್ ನಿಲ್ದಾಣ ಆದಾಗಿಂದ. ಹನ್ನೊಂದು ವರ್ಷ ಆಗಿರಬೇಕು. ಆಮೇಲೆ ಇಲ್ಲಿನ ಪ್ರತಿಗೆ ಬಸ್ ಟೈಮ್ ತೆಗೆದು ನಿಮ್ಮ ಸಾಲು ವಾಪಸ್ ಕೂರಿಸ್ತೀನಿ. ನೀವು ದಿನಾ ನೋಡಿ ಸಹಿ ಹಾಕೋದು ಅದೇ ಪುಟ.”

“ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ವಾ ನಿನಗೆ?”

ಕತ್ತರಿ ಈಗ ತಲೆ ಎತ್ತಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನೀವೇ ತಾನೇ ಹೇಳಿದ್ದು, ಜಾಗ ಸಾಲದಿದ್ರೆ ಕೊನೇ ಸಾಲು ತೆಗಿ, ಅರ್ಥ ಕೆಡಲ್ಲ ಅಂತ? ಕೆಟ್ಟಿಲ್ಲ ಸಾರ್. ಒಂದು ದಿನವೂ ಕೆಟ್ಟಿಲ್ಲ. ಒಬ್ಬರೂ ಕಂಪ್ಲೇಂಟ್ ಮಾಡಿಲ್ಲ.”

ಊರಿನ ತಪ್ಪನ್ನೆಲ್ಲ ಹೆಕ್ಕಿ ತೆಗೆಯುವ ಮನುಷ್ಯ ತನ್ನದೇ ಪತ್ರಿಕೆಯ ಇನ್ನೊಂದು ಪ್ರತಿಯನ್ನು ಹನ್ನೊಂದು ವರ್ಷ ಕಣ್ಣೆತ್ತಿ ನೋಡಿರಲಿಲ್ಲ. ಅಚ್ಚಾದ ಕಟ್ಟುಗಳು ಹಿಂಬಾಗಿಲಿನಿಂದ ಬಸ್ಸಿಗೆ ಹೋಗುತ್ತಿದ್ದವು, ಅವನು ಮುಂಬಾಗಿಲಿನ ಕೋಣೆಯಲ್ಲಿ ಕಾಮಾ ಹುಡುಕುತ್ತಿದ್ದ. ಅವನ ಕ್ಷಮೆ ಇರಬೇಕಾದ ಜಾಗದಲ್ಲಿ ದಿನಾ ಅಚ್ಚಾಗುತ್ತಿದ್ದದ್ದು, ಬೇರೆ ಬಸ್ಸುಗಳ ಜೊತೆಗೆ, ಅವಳ ಊರಿಗೆ ಹೋಗುವ ಬಸ್ಸಿನ ಹೊತ್ತು. ಬೆಳಗ್ಗೆ ಏಳು, ಹನ್ನೊಂದೂವರೆ, ಮಧ್ಯಾಹ್ನ ಎರಡು.

ಮರುದಿನ ಅವನು ಏಳರ ಬಸ್ಸು ಹತ್ತಿದ. ತೊಡೆಯ ಮೇಲೆ ದಪ್ಪ ಕಡತ. ಅದರೊಳಗೆ ಊರಿನ ಪ್ರತಿಯಿಂದ ಕತ್ತರಿಸಿ ದಿನಾಂಕದಂತೆ ಅಂಟಿಸಿದ ಚೌಕಗಳು, ಹನ್ನೊಂದು ವರ್ಷದ್ದು, ನಾಲ್ಕೂ ಸಾಲಿನವು. ದಾರಿಯುದ್ದಕ್ಕೂ ಅವನು ಒಳಗೊಳಗೇ ಕುಣಿಯುತ್ತಿದ್ದ ಎಂದರೂ ಸರಿಯೇ. ಅಕ್ಕ ಉತ್ತರ ಕೊಡದೇ ಇದ್ದದ್ದು ಕಲ್ಲುಮನಸ್ಸಿನಿಂದಲ್ಲ; ಅವಳಿಗೆ ಪ್ರಶ್ನೆಯೇ ತಲುಪಿರಲಿಲ್ಲ! ತಪ್ಪು ಕತ್ತರಿಯದು, ಬಸ್ಸು ನಿಲ್ದಾಣದ್ದು. ಓದಿದರೆ ಅವಳಿಗೆ ತಿಳಿಯುತ್ತದೆ. ಇಷ್ಟು ಸರಳ.

ಅಕ್ಕನ ಮನೆಯ ಮುಂಗೋಣೆಯೇ ಅಂಗಡಿ. ಬಾಗಿಲು ತೆರೆದಿತ್ತು. ಕೊಕ್ಕೆಗಳಲ್ಲಿ ಸುಣ್ಣದ ಕಡ್ಡಿಯ ಗುರುತು ಹಾಕಿದ ಪ್ಯಾಂಟುಗಳು, ಒಂದು ಕೋಟು, ಜಿಪ್ಪು ಕಿತ್ತ ಚೀಲಗಳು. ಅಕ್ಕ ಯಂತ್ರದ ಮುಂದೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿದಳು.

“ಕೂತ್ಕೋ,” ಎಂದಳು. “ಆ ಪ್ಯಾಂಟಿನ ಮೇಲೆ ಕೂರ್ಬೇಡ, ಈಗ ತಾನೇ ಇಸ್ತ್ರಿ ಆಗಿದೆ.”

ಹನ್ನೊಂದು ವರ್ಷದ ಮೇಲಿನ ಮೊದಲ ಮಾತು. ಅವನು ಪ್ಯಾಂಟನ್ನು ಮಗುವನ್ನು ಎತ್ತುವ ಹಾಗೆ ಎತ್ತಿ ಪಕ್ಕಕ್ಕಿಟ್ಟು ಕೂತ. ಎದುರು ಗೋಡೆಯ ತುಂಬ ಚೌಕಗಳು, ಗುಂಡುಸೂಜಿಯಲ್ಲಿ ಚುಚ್ಚಿದವು, ಕೆಳಗಿನವು ಹಳದಿಗಟ್ಟಿ ಮುರುಟಿದ್ದವು. ಆಕ್ಟೋಪಸ್ ಇತ್ತು, ಚಂದ್ರ ಇದ್ದ, ಕಾಗೆ ಇತ್ತು. ಎಲ್ಲವೂ ಮೂರು ಸಾಲು.

ಅವನು ಅಲ್ಲಿಗೇ ಸುಮ್ಮನಿರಬಹುದಿತ್ತು. ನೀರು ಕೇಳಬಹುದಿತ್ತು, ಮಂಡಿನೋವು ಹೇಗಿದೆ ಎನ್ನಬಹುದಿತ್ತು, ಅವಳ ದಾರದುಂಡೆ ಎತ್ತಿಕೊಡಬಹುದಿತ್ತು. ಆದರೆ ಮನುಷ್ಯನಿಗೆ ತಾನು ಬರೆದದ್ದನ್ನು ತೋರಿಸುವ ಚಪಲ ಇದೆಯಲ್ಲ, ಅದು ಆಸ್ಪತ್ರೆಯ ಬೆಂಚನ್ನೂ ಬಿಡುವುದಿಲ್ಲ, ಅಕ್ಕನ ಅಂಗಡಿಯನ್ನೂ ಬಿಡುವುದಿಲ್ಲ.

“ಅಕ್ಕಾ, ಕೇಳಿಲ್ಲಿ,” ಎಂದ. “ಇವೆಲ್ಲ ಮೂರು ಸಾಲಲ್ಲ. ಒಂದು ಸಾಲು ನಿನಗೆ ಬಂದೇ ಇಲ್ಲ.” ಕತ್ತರಿಯ ಕಥೆ, ಬಸ್ಸಿನ ಕಥೆ ಎಲ್ಲ ಉಸಿರು ಬಿಡದೆ ಹೇಳಿ ಕಡತವನ್ನು ಅವಳ ಮುಂದೆ ಬಿಡಿಸಿದ.

ಅಕ್ಕ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಲೋಹದ ಟೋಪಿ ತೆಗೆದಿಟ್ಟು ಕನ್ನಡಕ ಹಾಕಿಕೊಂಡಳು. ಓದಿದಳು. ಜಿರಲೆಯದನ್ನು ನೆನಪಿಸುವಂಥ ಒಂದು ಪದ್ಯಕ್ಕೆ ಎರಡನೇ ಸಾಲಿನಲ್ಲೇ ಭುಜ ಕುಲುಕಿ ನಕ್ಕಳು. ನಾಲ್ಕನೆಯದಕ್ಕೆ ಬಂದಾಗ ನಗು ನಿಂತಿತು. ಪುಟ ತಿರುವಿದಳು. ಮತ್ತೆ ಹಾಗೇ ಆಯಿತು. ಹತ್ತಿಪ್ಪತ್ತು ಪುಟ ತಿರುವಿದ ಮೇಲೆ ಕನ್ನಡಕ ತೆಗೆದಳು.

“ಇದೆಲ್ಲ ನನಗಾ?”

“ನಿನಗೇ ಅಕ್ಕ.”

“ಊರೆಲ್ಲ ಓದ್ತಾ?”

“ಓದಿದ್ರು. ಯಾರಿಗೂ ಗೊತ್ತಾಗಲಿಲ್ಲ. ಯಾರೋ ಹುಡುಗಿ ಅಂದ್ಕೊಂಡ್ರು.”

ಅಕ್ಕ ಕಡತ ಮುಚ್ಚಿದಳು. ಅದರ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡುತ್ತ ಕೂತಳು.

“ಮೂರು ಸಾಲೇ ಚೆನ್ನಾಗಿತ್ತು ಕಣೋ,” ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳಿಗೆ ಸಿಟ್ಟೇನೂ ಬಂದಂತಿರಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

“ಇವರು ಹೋದ ಮೇಲೆ ಪೇಪರ್ ನಿಲ್ಲಿಸೋಣ ಅಂತಿದ್ದೆ. ನಿನ್ನ ಪದ್ಯ ನೋಡಿದ್ರೆ ಮೈ ಉರೀತಿತ್ತು. ಮೊದಲೆಲ್ಲ ಕೊನೇ ಸಾಲಿಗೆ ನೀನೇ ಬಂದು ನಿಂತ್ಕೊಳ್ತಿದ್ದೆ, ನೋಡಿ ನಾನೆಷ್ಟು ಜಾಣ ಅಂತ. ಆಮೇಲೆ ಒಂದು ತಿಂಗಳಿಗೆಲ್ಲ ಅದು ಬರೋದು ನಿಂತುಹೋಯ್ತು. ಮೂರು ಸಾಲು, ಅಷ್ಟೇ. ಚಂದ್ರ ಇದಾನೆ, ಆಕ್ಟೋಪಸ್ ಇದೆ, ನೀನಿಲ್ಲ. ಓದಿ ನಗು ಬರೋದು. ಯಂತ್ರ ತುಳಿಯೋವಾಗ ಹೇಳ್ಕೊಂಡ್ರೆ ಸರಿಯಾಗಿ ಕೂರೋದು. ಪರವಾಗಿಲ್ಲ, ಇವನಿಗೆ ಬುದ್ಧಿ ಬಂತು, ತನ್ನ ಬಿಟ್ಟು ಬೇರೇದೂ ಕಾಣ್ತಾ ಇದೆ ಇವನಿಗೆ ಅಂದ್ಕೊಂಡೆ. ಈ ವರ್ಷ ಕರೆಸೋಣ ಅಂತಲೂ ಇದ್ದೆ.”

“ಅಕ್ಕಾ, ನಾನು ತಪ್ಪಾಯ್ತು ಅಂತ ತಾನೇ ಬರೆದಿದ್ದು...”

“ಗೊತ್ತಾಯ್ತು. ಓದಿದೆನಲ್ಲ. ನೀನು ಅತ್ತಿದ್ದು, ನೀನು ಕಾದಿದ್ದು, ನೀನು ಕೂತಿದ್ದು. ಇಷ್ಟು ಪುಟದಲ್ಲಿ ನಿನ್ನ ಭಾವ ಎಲ್ಲಿದಾರೆ ತೋರಿಸು.”

ಅವನು ಕಡತದ ಕಡೆ ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡ. ತೋರಿಸಲು ಏನೂ ಇರಲಿಲ್ಲ.

“ಅವತ್ತು ಇವರು ನಿನ್ನ ಯಾಕೆ ಕೇಳ್ತಿದ್ರು ಗೊತ್ತಾ?” ಎಂದಳು ಅಕ್ಕ. “ನೌಕೆ ಇಳೀತಾ ಅಂತ ಕೇಳೋಕೆ. ಅವನಿಗೆ ಗೊತ್ತಿರುತ್ತೆ, ಅವನ ಕರೀ, ಅಂತಿದ್ರು. ನೀನು ಬರಲಿಲ್ಲ. ಕೊನೆಗೆ ನಾನೇ ಹೇಳಿದೆ, ಇಳೀತು ರೀ, ಚೆನ್ನಾಗಿ ಇಳೀತು ಅಂತ. ಅಲ್ಲಿ ಏನಿದೆ ಅಂತ ಕೇಳಿದ್ರು. ನನಗೇನು ಗೊತ್ತು? ಹೂವಿದೆ ಅಂದೆ. ನಕ್ಕರು. ಆಮೇಲೆ ನೀನು ಬಂದು ಕಲ್ಲು ಅಂತ ಓದಿದೆ.”

ಬೀದಿಯಲ್ಲಿ ಯಾರೋ ಸೈಕಲ್ಲು ನಿಲ್ಲಿಸಿ ಕೋಟು ಆಯಿತೇ ಎಂದು ಕೇಳಿದರು. ನಾಳೆ ಬನ್ನಿ ಎಂದಳು ಅಕ್ಕ. ಕರಡಪ್ಪ ಅಳುತ್ತಿದ್ದ. ಅಳುತ್ತಿರುವುದು ಯಾರಿಗಾಗಿ ಎಂದು ಆ ಹೊತ್ತಿನಲ್ಲೂ ಅವನಿಗೆ ಅನುಮಾನ ಬಂತು, ಆದ್ದರಿಂದ ಕಣ್ಣೊರೆಸಿಕೊಂಡ.

“ಇನ್ನು ಮುಂದೆ ಮೂರೇ ಬರೀತೀನಿ,” ಎಂದ.

“ಬರಿ. ನನಗೆ ಇನ್ನು ಓದೋಕೆ ಆಗಲ್ಲ. ಓದಿದಾಗೆಲ್ಲ, ಕೆಳಗೆ ಏನಿತ್ತೋ, ಏನು ಕತ್ತರಿಸಿದ್ರೋ ಅಂತ ಹುಡುಕ್ತೀನಿ.” ಅವಳು ಕಡತವನ್ನು ಅವನ ಕೈಗೆ ಕೊಟ್ಟು ಲೋಹದ ಟೋಪಿಯನ್ನು ಬೆರಳಿಗೆ ಹಾಕಿಕೊಂಡಳು. “ಪೇಪರ್ ನಿಲ್ಲಿಸಬೇಕು ಅಂದ್ರೆ ಆಫೀಸಿಗೆ ಬರೀಬೇಕಂತೆ. ಹೇಗೂ ಬಂದಿದೀಯಲ್ಲ, ನೀನೇ ಹೇಳಿಬಿಡು. ಊಟ ಮಾಡ್ಕೊಂಡು ಹೋಗು, ಎರಡು ಗಂಟೆಗೆ ಬಸ್ಸಿದೆ.”

ಅಡಿಗೆಮನೆಯ ಸಣ್ಣ ಮೇಜಿನ ಮುಂದೆ ಕೂತು ಊಟ ಮಾಡಿದ. ಅಕ್ಕ ಬಡಿಸಿದಳು, ಇನ್ನೊಂದು ಸ್ವಲ್ಪ ಎಂದು ಒತ್ತಾಯವನ್ನೂ ಮಾಡಿದಳು. ಹೊರಡುವಾಗ ಅವನ ಅಂಗಿಯ ತೋಳಿನ ಗುಂಡಿ ಸಡಿಲವಾಗಿರುವುದನ್ನು ಕಂಡು, ತೊಟ್ಟ ಹಾಗೆಯೇ ನಿಲ್ಲಿಸಿಕೊಂಡು ಎರಡು ಹೊಲಿಗೆ ಹಾಕಿ ದಾರವನ್ನು ಹಲ್ಲಿನಲ್ಲಿ ಕಡಿದಳು. ಇನ್ನೊಮ್ಮೆ ಬಾ ಎಂದು ಹೇಳಲಿಲ್ಲ. ಬರಬೇಡ ಎಂದೂ ಹೇಳಲಿಲ್ಲ. ಅವನು ಕೇಳಲು ಧೈರ್ಯ ಮಾಡಲಿಲ್ಲ.

ಮರುದಿನ ರವಾನೆ ಗುಮಾಸ್ತನಿಗೆ ಹೇಳಿದ. ಗುಮಾಸ್ತ ಪುಸ್ತಕ ತೆಗೆದು, “ಯಾಕೆ ಸಾರ್ ನಿಲ್ಲಿಸ್ತಿದಾರೆ? ಊರು ಬಿಟ್ರಾ, ಪತ್ರಿಕೆ ಇಷ್ಟ ಆಗಲಿಲ್ವಾ?” ಎಂದು ಕೇಳಿದ. ಪುಸ್ತಕದಲ್ಲಿ ಕಾರಣಕ್ಕೆಂದು ಗೆರೆ ಎಳೆದಿದ್ದ ಮನೆಯೊಂದನ್ನು ತುಂಬಬೇಕಿತ್ತು.

“ಇಷ್ಟ ಆಗಿತ್ತು,” ಎಂದ ಕರಡಪ್ಪ.

ಗುಮಾಸ್ತ ಅವನ ಮುಖ ನೋಡಿ, ಆ ಮನೆಯನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದ.

ಅವನ ಮೇಜಿನ ಮೇಲೆ ತಂತಿಯಲ್ಲಿ ಬಂದ ಸುದ್ದಿಯೊಂದು ಕಾಯುತ್ತಿತ್ತು. ನೀಲಿ ತಿಮಿಂಗಿಲದ ಬೆನ್ನಿಗೆ ಯಂತ್ರ ಅಂಟಿಸಿ ಅದರ ಎದೆಬಡಿತ ಎಣಿಸಿದ್ದಾರೆ. ಆಳಕ್ಕೆ ಮುಳುಗಿದಾಗ ಆ ಭಾರೀ ಗುಂಡಿಗೆ ನಿಮಿಷಕ್ಕೆ ಎರಡೇ ಸಲ ಬಡಿಯುವುದೂ ಉಂಟು. ಕರಡಪ್ಪ ಅದನ್ನು ಓದಿ ಹಾಳೆ ಎಳೆದುಕೊಂಡ. ಪ್ರಾಸ ಹುಡುಕಲಿಲ್ಲ.

ನೀಲಿ ತಿಮಿಂಗಿಲ ಕಡಲಾಳಕ್ಕೆ ಇಳಿದರೆ
ಎದೆ ಬಡಿವುದು ನಿಮಿಷಕ್ಕೆ ಎರಡೇ ಸಲವಂತೆ;
ನಡುವೆ ಕಡಲೆಲ್ಲ ಕಿವಿಗೊಟ್ಟು ನಿಲ್ಲುವುದೋ ಏನೋ.

ಕತ್ತರಿ ಬಂದು ಹಾಳೆ ನೋಡಿದ, ತಿರುಗಿಸಿ ಹಿಂದುಗಡೆಯೂ ನೋಡಿದ. “ಇನ್ನೊಂದು ಸಾಲು?” ಎಂದ.

“ಇಲ್ಲ. ಅಷ್ಟೇ.”

“ಇಲ್ಲಿನ ಪ್ರತೀಲಿ ಒಂದು ಸಾಲು ಜಾಗ ಖಾಲಿ ಉಳಿಯುತ್ತಲ್ಲ?”

“ಉಳೀಲಿ.”

ಹತ್ತೊಂಬತ್ತು ವರ್ಷದಲ್ಲಿ ಅವನು ಅಷ್ಟು ಒಳ್ಳೆಯದನ್ನು ಬರೆದಿರಲಿಲ್ಲ. ಅದು ಅವನಿಗೂ ಗೊತ್ತಾಯಿತು. ಹನ್ನೊಂದು ಗಂಟೆಗೆ ಪತ್ರಿಕೆಯ ಕಟ್ಟುಗಳು ಹಿಂಬಾಗಿಲಿನಿಂದ ಹೊರಟವು. ಈ ಸಲ ಅವನು ಎದ್ದು ಹೋಗಿ ನೋಡಿದ. ಅಕ್ಕನ ಊರಿನ ಕಟ್ಟಿನಲ್ಲಿ ಒಂದು ಪ್ರತಿ ಕಡಿಮೆ ಇತ್ತು.